ಕಿಬ್ಲಾದ ಗೋಡೆಗೆ ಒರಗಿದ ಸಿಂಹಗಳು

1997ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೇ ಕ್ಲಾಸು ಅರ್ಧದಲ್ಲಿತ್ತು. ಕೇಳಿದವರಿಗೆ ಇವತ್ತಿಗೂ ಹೀಗೇ ಹೇಳುತ್ತೇನೆ, ಹೇಳುವಾಗ ದನಿ ತಗ್ಗಿಸುವುದಿಲ್ಲ. ಐದನೇ ತನಕ ಬಂಟ್ವಾಳದ ಕಡೆಯ ಕನ್ನಡ ಶಾಲೆಯಲ್ಲಿ ಓದಿದವನು ನಾನು. ಆಮೇಲೆ ಕತಾರಿನಲ್ಲಿದ್ದ ಅಪ್ಪ, ನಮ್ಮ ಮಾತಿನಲ್ಲಿ ಉಪ್ಪ, ಉಮ್ಮನನ್ನೂ ನನ್ನನ್ನೂ ದೋಹಾಕ್ಕೆ ಕರೆಸಿಕೊಂಡರು. ಇಲ್ಲಿ ಇಂಗ್ಲಿಷ್ ಶಾಲೆ. ಟೀಚರ್ ಒಂದು ಪ್ರಶ್ನೆ ಕೇಳಿದರೆ ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ನಮ್ಮ ಮನೆಮಾತಾದ ಬ್ಯಾರಿಗೆ ತಂದು, ಉತ್ತರವನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಕಳಿಸುವಷ್ಟರಲ್ಲಿ ಬೆಲ್ ಆಗುತ್ತಿತ್ತು. ನಾನು ದಡ್ಡನಾಗಿರಲಿಲ್ಲ, ದಾರಿ ಉದ್ದವಾಗಿತ್ತು, ಅಷ್ಟೆ. ಒಂದು ದಿನ ಚೀಲ ತಂದು ಬಾಗಿಲ ಹಿಂದೆ ನೇತುಹಾಕಿದೆ, ಮತ್ತೆ ಹೆಗಲಿಗೆ ಹಾಕಲಿಲ್ಲ. ಉಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಮಾತ್ರ ಹೊತ್ತು ಹೊತ್ತಿಗೆ ನನ್ನ ಮುಂದೆ ಬರುತ್ತಿತ್ತು, ಅದರಲ್ಲಿ ಮೀನಿನ ತುಂಡು ಮಾಮೂಲಿಗಿಂತ ದೊಡ್ಡದೇ ಇರುತ್ತಿತ್ತು.

ಮನೆ ಏರ್‌ಪೋರ್ಟಿನ ಪಕ್ಕದ, ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ, ಮಣ್ಣುಬಣ್ಣದ ಕಟ್ಟಡದ ಎರಡನೇ ಮಾಳಿಗೆಯಲ್ಲಿ. ಒಂದು ಮಲಗುವ ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಅಡುಗೆಮನೆ. ವಿಮಾನ ಇಳಿಯುವಾಗ ಕಿಟಕಿಯ ಗಾಜು ಗುಂಯ್ ಎನ್ನುತ್ತಿತ್ತು. ಮಾತಾಡುತ್ತಿದ್ದವರು ಬಾಯಿ ತೆರೆದ ಹಾಗೇ ನಿಂತು, ಅದು ಹೋದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಿದ್ದರು. ಉಮ್ಮನ ಬೈಗುಳಕ್ಕೂ ಅದೇ ನಿಯಮ. ವಿಮಾನ ದಾಟಿದ ಮೇಲೆ ಬಾಕಿ ಉಳಿದ ಅರ್ಧ ಬೈಗುಳ ಬಂದು ತಲೆಯ ಮೇಲೆ ಬೀಳುತ್ತಿತ್ತು. ಉಪ್ಪ ಬೋರ್ಡು ಬರೆಯುವವರು. ಮುಶೈರಿಬ್‌ನ ಒಂದು ಗಲ್ಲಿಯಲ್ಲಿ ಅವರದು ಸಣ್ಣ ಅಂಗಡಿ. ಈಗ ಆ ಗಲ್ಲಿಯೇ ಇಲ್ಲ, ಅಲ್ಲಿ ಕನ್ನಡಿಯಂಥ ಕಟ್ಟಡಗಳು ಎದ್ದಿವೆ. ಹೋಟೆಲು, ಕ್ಷೌರದಂಗಡಿ, ಟಯರ್ ಅಂಗಡಿ, ಎಲ್ಲದರ ಹಣೆಯ ಮೇಲೂ ಉಪ್ಪನ ಕೈ ಇತ್ತು. ಆದರೆ ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಅಕ್ಷರಗಳು ಬರತೊಡಗಿದ್ದವು. ಗಿರಾಕಿಗಳು ಬಂದು ಚಾ ಕುಡಿದು ಉಪ್ಪನನ್ನು ಹೊಗಳಿ, ಬೋರ್ಡು ಮಾತ್ರ ಬೇರೆ ಕಡೆ ಮಾಡಿಸಿಕೊಳ್ಳುತ್ತಿದ್ದರು.

ಅಂಥ ಸಮಯದಲ್ಲಿ ಅಬೂ ರಾಶಿದ್ ಬಂದರು. ಕತಾರಿ ಮನುಷ್ಯ, ಅಲ್ ಶಮಾಲ್ ಕಡೆ ತೋಟ ಇದ್ದವರು. ಆಫ್ರಿಕಾಕ್ಕೆ ಹೋಗಿ ಕಾಡಿನಲ್ಲಿ ಸಿಂಹ ನೋಡಿ ಬಂದಿದ್ದರು. ತೋಟದ ಮನೆಯ ದೊಡ್ಡ ಗೋಡೆಗೆ ಅವೇ ಸಿಂಹಗಳು ಬೇಕು, ಅವು ಇರುವ ಜಾಗದಲ್ಲೇ, ಇರುವ ಹಾಗೇ ಇರಬೇಕು, ಸರ್ಕಸ್ಸಿನವು ಬೇಡ ಎಂದರು. ಅಲ್ಲಿ ತೆಗೆದ ಒಂದು ವಿಡಿಯೊ ಕ್ಯಾಸೆಟ್ಟನ್ನೂ ಕೊಟ್ಟರು. ಉಪ್ಪ ಜೀವನದಲ್ಲಿ ಬರೆದ ಪ್ರಾಣಿಯೆಂದರೆ ಮಾಂಸದಂಗಡಿಯ ಬೋರ್ಡಿನ ಕುರಿ ಒಂದೇ. ಆದರೂ "ಮಾಡುವ" ಅಂದರು. ಅಂಗಡಿಯೊಳಗೆ ಅಷ್ಟು ದೊಡ್ಡ ಕ್ಯಾನ್ವಾಸು ಹಿಡಿಯದು. ಮನೆಗೆ ತಂದರು. ಹಾಲ್‌ನಲ್ಲಿ ಒಂದು ಕಡೆ ಕಿಟಕಿ, ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಕಪಾಟು ಮತ್ತು ಟಿವಿ. ಖಾಲಿ ಇದ್ದದ್ದು ಒಂದೇ ಗೋಡೆ. ಅದು ಕಿಬ್ಲಾದ ಗೋಡೆ, ನಾವು ನಮಾಝಿಗೆ ಮುಖ ಮಾಡಿ ನಿಲ್ಲುತ್ತಿದ್ದ ದಿಕ್ಕು.

ನನ್ನ ಹಣೆಬರಹ ಆ ಕ್ಯಾನ್ವಾಸಿಗೆ ಹೇಗೆ ಗಂಟುಬಿತ್ತು ಎಂದು ಈಗಲೇ ಹೇಳಿಬಿಡುತ್ತೇನೆ. ಉಪ್ಪನ ಉಮ್ಮ, ನನ್ನ ಅಜ್ಜಿ, ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಊರಿನಿಂದ ಬರುವವರಿದ್ದರು. ಅವರು ವಾಪಸು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುವುದು, ಅಲ್ಲಿ ಕನ್ನಡ ಶಾಲೆಗೆ ಸೇರಿಸುವುದು ಎಂಬುದು ಉಮ್ಮನ ತೀರ್ಮಾನ. ನನಗೆ ಅದು ಬೇಡ. ಉಪ್ಪನನ್ನು ನಾನು ಸರಿಯಾಗಿ ಕಂಡದ್ದೇ ಹತ್ತು ವರ್ಷ ದಾಟಿದ ಮೇಲೆ. ಅದಕ್ಕೆ ಮೊದಲು ಅವರೆಂದರೆ ಎರಡು ವರ್ಷಕ್ಕೊಮ್ಮೆ ಸೆಂಟಿನ ವಾಸನೆಯ ಪೆಟ್ಟಿಗೆ ಹಿಡಿದು ಬರುವ ಒಬ್ಬ ನೆಂಟ. ಈಗ ಸಿಕ್ಕಿದವರನ್ನು ಬಿಟ್ಟು ಹೋಗುವುದು ಹೇಗೆ? ಉಪ್ಪನಿಗೂ ನಾನು ಹತ್ತಿರ ಇರಬೇಕೆಂಬ ಆಸೆ. ಬಾಯಿಬಿಟ್ಟು ಹೇಳುವವರಲ್ಲ. ಒಂದು ಸಂಜೆ ಬ್ರಶ್ ತೊಳೆಯುತ್ತಾ ಉಮ್ಮನಿಗೆ ಹೇಳಿದರು:

"ಈ ಸಿಂಹ ಅವರಿಗೆ ಒಪ್ಪಿಗೆಯಾದರೆ ಅವರ ತಮ್ಮಂದಿರ ಮನೆಗೂ ಕೆಲಸ ಉಂಟು ಅಂದಿದ್ದಾರೆ. ಆಗ ಅಂಗಡಿಗೆ ಇನ್ನೊಂದು ಜೊತೆ ಕೈ ಬೇಕಾಗ್ತದೆ."

"ಒಪ್ಪಿಗೆ ಆಗದಿದ್ದರೆ?" ಉಮ್ಮ ಕೇಳಿದರು.

"ಆಗದಿದ್ದರೆ ಅವನು ಊರಿಗೆ ಹೋಗ್ಲಿ. ನನ್ನ ಕೈಯೇ ಖಾಲಿ ಇರುವಾಗ ಅವನ ಕೈಗೆ ಎಂತ ಕೊಡುವುದು?"

ಅಲ್ಲಿಗೆ ವಿಷಯ ಖಲಾಸ್. ಗೋಡೆಗೆ ಒರಗಿದ ಸಿಂಹಗಳ ಮೇಲೆ ನನ್ನ ಟಿಕೆಟ್ ನಿಂತಿತ್ತು.

ಉಪ್ಪ ಕ್ಯಾನ್ವಾಸಿನ ಮೇಲೆ ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಎಳೆದು ಬಿಟ್ಟು, ಬೋರ್ಡಿಗೆ ಹಾಕುವ ಹಾಗೆಯೇ ಚೌಕಗಳನ್ನು ಹಾಕಿದರು. ದಾರದ ಇನ್ನೊಂದು ತುದಿ ನನ್ನ ಕೈಯಲ್ಲಿ. ಅರಬ್ಬಿ ಬೋರ್ಡು ಬರೆದೂ ಬರೆದೂ ಕೈಗೆ ಬಂದ ಅಭ್ಯಾಸದಿಂದ ಚಿತ್ರವನ್ನೂ ಬಲದಿಂದ ಎಡಕ್ಕೆ ಬರೆಯತೊಡಗಿದರು. ಮೊದಲು ಬಂದದ್ದು ಬಾಲ. ಎಲ್ಲದಕ್ಕೂ ಸುತ್ತ ಕಪ್ಪು ಗೆರೆ ಎಳೆಯುವುದು ಅವರ ಇನ್ನೊಂದು ಅಭ್ಯಾಸ. ಉಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ನೋಡಿ, "ಇದು ಕಾಡಿನ ಸಿಂಹ ಅಲ್ಲ, ಬೆಂಕಿಪೆಟ್ಟಿಗೆಯದ್ದು" ಅಂದರು. ಉಪ್ಪನಿಗೆ ಸಿಟ್ಟು ಬಂತು, ಆದರೆ ಆ ಗೆರೆಯನ್ನು ಮಾರನೇ ದಿನವೇ ಉಜ್ಜಿ ತೆಗೆದರು. ಮೈಬಣ್ಣ ಕೂಡದೆ ಒದ್ದಾಡುತ್ತಿದ್ದಾಗ ದಾರಿ ತೋರಿಸಿದ್ದೂ ಉಮ್ಮನೇ. ಹಿಂದಿನ ದಿನ ಧೂಳುಗಾಳಿ ಬೀಸಿತ್ತು. ಕಿಟಕಿಯ ಪರದೆ ಸರಿಸಿ, "ಹೊರಗೆ ನೋಡಿ, ಗೋಡೆ, ಕಾರು, ರಸ್ತೆ, ಎಲ್ಲ ಅದೇ ಬಣ್ಣ. ಇಷ್ಟು ಸಿಂಹ ಹೊರಗೆ ಬಿದ್ದುಕೊಂಡಿರುವಾಗ ಒಳಗೆ ಎಂತ ಹುಡುಕ್ತೀರಿ?" ಅಂದರು. ಉಪ್ಪ ಕಾರಿನ ಬಾನೆಟ್ಟಿನಿಂದ ಒಂದು ಚಿಟಿಕೆ ಧೂಳು ತಂದು ತಟ್ಟೆಯ ಅಂಚಿನಲ್ಲಿಟ್ಟುಕೊಂಡು, ಅದಕ್ಕೆ ಸರಿಯಾಗಿ ಬಣ್ಣ ಕೂಡಿಸಿದರು. ಹುಲ್ಲು ನನ್ನ ಪಾಲಿಗೆ ಬಂತು. ಏರ್‌ಪೋರ್ಟಿನ ಬೇಲಿಯ ಹತ್ತಿರದ ಖಾಲಿ ಜಾಗದಿಂದ ಒಣಹುಲ್ಲು ಕಿತ್ತು ತಂದು ಎದುರಿಗಿಟ್ಟುಕೊಂಡೆ. ಒಂದೊಂದು ಎಸಳನ್ನೂ ಬುಡದಿಂದ ತುದಿಗೆ ಒಂದೇ ಎಳೆತದಲ್ಲಿ, ತುದಿಯಲ್ಲಿ ಕೈ ಹಗುರ ಮಾಡಿ ಎಳೆಯಬೇಕು ಎಂದು ಉಪ್ಪ ಕಲಿಸಿದರು. ಊಟಕ್ಕೆ ಸುಪ್ರ ಹಾಸುವುದು ಅದೇ ಹಾಲ್‌ನಲ್ಲಿ, ಸಿಂಹಗಳ ಕಾಲಬುಡದಲ್ಲಿ. ಮೀನುಸಾರು, ಪತ್ತಿರ್, ಖುಬ್ಬೂಸು, ಎಲ್ಲದಕ್ಕೂ ಟರ್ಪಂಟೈನ್ ವಾಸನೆ. ಇವತ್ತಿಗೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ.

ಅಜ್ಜಿ ಬಂದ ದಿನ ಏರ್‌ಪೋರ್ಟಿನಿಂದ ಮನೆಗೆ ಬಂದು, ಕೈಕಾಲು ಮುಖ ತೊಳೆದು ವುಝೂ ಮಾಡಿ, ನಮಾಝಿನ ಮುಸಲ್ಲ ಹಾಸಿ ತಲೆ ಎತ್ತಿದರು. ಎದುರಿಗೆ ನಾಲ್ಕು ಸಿಂಹ. ನಡುವಿನ ಗಂಡು ತಲೆ ಎತ್ತಿ, ಇನ್ನೂ ಕಣ್ಣು ಬರೆಯದ ಮುಖವನ್ನು ನೇರ ಅವರ ಕಡೆಗೇ ತಿರುಗಿಸಿತ್ತು.

"ಯಾ ಅಲ್ಲಾ! ಮೋನೇ, ಇದೆಂತ ಇದು?"

"ಕೆಲಸ ಉಮ್ಮಾ," ಉಪ್ಪ ಮೆಲ್ಲಗೆ ಹೇಳಿದರು.

"ಕೆಲಸವಾ? ನಾಳೆ ಪರಲೋಕದಲ್ಲಿ ಇದಕ್ಕೆ ಜೀವ ಕೊಡು ಅಂತ ಕೇಳಿದರೆ ಎಂತ ಮಾಡ್ತೀ? ಅಬೂ ರಾಶಿದ್ ಬರ್ತಾರಾ ನಿನ್ನ ಜೊತೆ?"

ನನ್ನ ಅಜ್ಜಿಯನ್ನು ನೋಡಿ ನಗಬೇಡಿ. ಅವರಿಗೆ ಅದು ಸಣ್ಣ ಮಾತಲ್ಲ. ಜೀವ ಕೊಡುವವನು ಒಬ್ಬನೇ, ಅವನ ಕೆಲಸಕ್ಕೆ ಕೈ ಹಾಕಬಾರದು ಎಂದು ನಂಬಿ ಬದುಕಿದವರು. ಮಗನಿಗೆ ಕೇಡಾಗಬಾರದು ಎಂಬ ಹೆದರಿಕೆಯಿಂದಲೇ ಜಗಳಕ್ಕೆ ನಿಂತರು. ಉಪ್ಪನೂ ಅವರನ್ನು ತಳ್ಳಿಹಾಕಲಿಲ್ಲ. ಎರಡು ದಿನದ ವಾದದ ನಂತರ ಒಂದು ಒಪ್ಪಂದವಾಯಿತು. ಈ ಮನೆಯೊಳಗೆ ಇರುವಷ್ಟು ದಿನ ಸಿಂಹಗಳಿಗೆ ಕಣ್ಣು ಇರಬಾರದು. ಕಣ್ಣಿಲ್ಲದ್ದು ಜೀವ ಅಲ್ಲ, ಬರೀ ಬಣ್ಣ. ಕಣ್ಣು ಬರೆಯುವುದಿದ್ದರೆ ತೋಟದ ಮನೆಯಲ್ಲಿ ಬರೆಯಲಿ, ಅದು ಅಬೂ ರಾಶಿದರ ಲೆಕ್ಕಕ್ಕೆ ಹೋಗಲಿ. ಮತ್ತೆ, ನಮಾಝಿನ ಹೊತ್ತಿಗೆ ಇಡೀ ಚಿತ್ರಕ್ಕೆ ಬಿಳಿ ಬೆಡ್‌ಶೀಟು ಮುಚ್ಚಬೇಕು. ಮುಚ್ಚುವ ಕೆಲಸ ನನ್ನದು. ಬಾಂಗ್ ಕೇಳಿದ ಕೂಡಲೇ ಸ್ಟೂಲು ಹತ್ತಿ ಸಿಂಹಗಳಿಗೆ ಹೊದಿಸುವುದು, ನಮಾಝ್ ಮುಗಿದ ಮೇಲೆ ತೆಗೆಯುವುದು. ಒಮ್ಮೆ ಅಸರ್ ನಮಾಝಿನಲ್ಲಿ ಎಸಿ ಗಾಳಿಗೆ ಶೀಟು ಜಾರಿತು. ಅಜ್ಜಿ ಹಣೆ ನೆಲಕ್ಕಿಟ್ಟ ಸುಜೂದಿನಿಂದ ತಲೆ ಎತ್ತುವಾಗ ಗಂಡು ಸಿಂಹದ ಬೋಳು ಮುಖ ಇಣುಕುತ್ತಿತ್ತು. ನಮಾಝ್ ಮುರಿಯಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮುಗಿಸಿ, ಸಲಾಂ ಹೇಳಿ, ಆಮೇಲೆ ನನ್ನ ಕಡೆ ತಿರುಗಿದರು.

"ಕುಂಞೀ, ಅದಕ್ಕೆ ಕಣ್ಣಿಲ್ಲ ಸರಿ. ನಿನಗೆ ಉಂಟಲ್ಲ?"

ಕ್ಯಾಸೆಟ್ಟಿನ ವಿಷಯದಲ್ಲಿ ಮಾತ್ರ ಅಜ್ಜಿಗೆ ತಕರಾರೇ ಇರಲಿಲ್ಲ. ಉಪ್ಪ ಬಣ್ಣ ನೋಡಿಕೊಳ್ಳಲು ಅದನ್ನು ಮತ್ತೆ ಮತ್ತೆ ಹಾಕುತ್ತಿದ್ದರು, ಅಜ್ಜಿ ಎಲೆಅಡಿಕೆ ಮೆಲ್ಲುತ್ತಾ ಎದುರಿಗೇ ಕೂರುತ್ತಿದ್ದರು. "ಅದು ನೋಡಬಹುದಾ ಅತ್ತೇ?" ಎಂದು ಉಮ್ಮ ಚುಚ್ಚಿದರೆ, "ಟಿವಿಯಲ್ಲಿರುವುದು ಅಲ್ಲಾಹನು ಮಾಡಿದ್ದು, ಗೋಡೆಯಲ್ಲಿರುವುದು ನಿನ್ನ ಗಂಡ ಮಾಡಿದ್ದು" ಅನ್ನುತ್ತಿದ್ದರು.

ಮೂರನೇ ತಿಂಗಳು ಬಂತು. ಮೈ, ಕಾಲು, ಕುತ್ತಿಗೆಯ ಕೂದಲು, ಮರದ ನೆರಳು, ನನ್ನ ಹುಲ್ಲು, ಎಲ್ಲ ಮುಗಿಯಿತು. ಕಣ್ಣು ಮಾತ್ರ ಬಾಕಿ. ಉಪ್ಪ ತೋಟಕ್ಕೆ ಹೋಗುವ ದಿನವನ್ನು ಈ ವಾರ, ಮುಂದಿನ ವಾರ ಎಂದು ತಳ್ಳುತ್ತಲೇ ಇದ್ದರು. ಯಾಕೆಂದು ನನಗೆ ಬಾಲ್ಕನಿಯಲ್ಲಿ ಗೊತ್ತಾಯಿತು. ನೀರಿನ ಡ್ರಮ್ಮಿನ ಹಿಂದೆ ಪ್ಲೈವುಡ್ಡಿನ ತುಂಡುಗಳು. ಅವುಗಳ ಮೇಲೆಲ್ಲ ಕಣ್ಣು. ಅಂಗಡಿಯಲ್ಲಿ ಬರೆದು ಬರೆದು ನೋಡಿ, ಯಾರಿಗೂ ಕಾಣದಂತೆ ತಂದು ಇಟ್ಟಿದ್ದರು. ಒಂದು ಕಣ್ಣು ಬೆಕ್ಕಿನ ಹಾಗೆ, ಒಂದು ಹೆದರಿದ ಮನುಷ್ಯನ ಹಾಗೆ, ಒಂದು ಕನ್ನಡಕದಂಗಡಿಯ ಬೋರ್ಡಿನ ಹಾಗೆ. ಉಪ್ಪನಿಗೆ ಸಿಂಹದ ಕಣ್ಣು ಬರುತ್ತಿರಲಿಲ್ಲ. ಇಷ್ಟು ದಿನ ಅಜ್ಜಿಯ ನಿಷೇಧದ ನೆರಳಿನಲ್ಲಿ ಅದು ಮುಚ್ಚಿಹೋಗಿತ್ತು. ಅತ್ತ ಉಮ್ಮ ಟ್ರಾವೆಲ್ಸಿನವರಿಗೆ ಫೋನ್ ಮಾಡಿ ಅಜ್ಜಿಯ ಟಿಕೆಟಿನ ಜೊತೆ ಇನ್ನೊಂದು ಸೀಟು ಕೇಳಿ ಇಟ್ಟಾಗಿತ್ತು. ನನ್ನ ಅಂಗಿಗಳು ಮಡಚಿ ಪೆಟ್ಟಿಗೆಯ ಪಕ್ಕ ಕೂತಿದ್ದವು. ನಾನು ತಿರುಗಿದಾಗ ಬಾಲ್ಕನಿಯ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಬಟ್ಟೆ ಒಣಗಿಸಲು ಬಂದವರು. ಅವರೂ ಆ ತುಂಡುಗಳನ್ನು ನೋಡಿದರು. ಒದ್ದೆ ಬಟ್ಟೆ ಹರವಿ ಒಳಗೆ ಹೋದರು.

ಆ ಶುಕ್ರವಾರ ಜುಮಾ ಮುಗಿಸಿ, ಬಿರಿಯಾನಿ ತಿಂದು, ಉಪ್ಪ ದಿಂಬಿಗೆ ಒರಗಿದ್ದರು. ಟಿವಿಯಲ್ಲಿ ಅದೇ ಕ್ಯಾಸೆಟ್ಟು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು:

"ಮೋನೇ, ಇವು ಏಳುವುದು ಯಾವಾಗ?"

"ಯಾವುದು ಉಮ್ಮಾ?"

"ಈ ಸಿಂಹಗಳು. ನಾನು ಬಂದಂದಿನಿಂದ ನೋಡ್ತಾ ಇದ್ದೇನೆ, ಮಲಗಿಯೇ ಉಂಟು. ಒಂದು ಸ್ವಲ್ಪ ಬಾಲ ಆಡಿಸ್ತದೆ, ನೊಣ ಓಡಿಸ್ಲಿಕ್ಕೆ. ಮತ್ತೆ ನಿದ್ದೆ."

"ಮಧ್ಯಾಹ್ನದ ಬಿಸಿಲಲ್ಲವಾ? ಆ ಹೊತ್ತಿಗೆ ಅವು ಹಾಗೆಯೇ."

"ಮತ್ತೆ ನೀನ್ಯಾಕೆ ಎಬ್ಬಿಸ್ಲಿಕ್ಕೆ ಹೊರಟದ್ದು? ಅವರು ಇರುವ ಹಾಗೆ ಬರಿ ಅಂತ ಹೇಳಿದ್ದಲ್ವಾ? ಇರುವುದು ಹೀಗೆ. ಮಲಗ್ಲಿ ಬಿಡು, ಪಾಪ. ಮಲಗಿದ್ದಕ್ಕೆ ಕಣ್ಣು ಎಂತಕ್ಕೆ?"

ಉಪ್ಪ ಎದ್ದು ಕೂತರು. ಆ ಹೊತ್ತಿಗೆ ಒಂದು ವಿಮಾನ ಇಳಿಯಿತು, ಯಾರೂ ಮಾತಾಡುವಂತಿರಲಿಲ್ಲ. ಅದು ದಾಟಿ ಹೋದ ಮೇಲೂ ಉಪ್ಪ ಚಿತ್ರವನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಯಲ್ಲಾ, ಬಿಳಿ ಬಣ್ಣ ತೆಗೆ" ಅಂದರು.

ಗಂಡು ಸಿಂಹದ ಎತ್ತಿದ ತಲೆಯನ್ನು ಅಳಿಸಿ, ಮುಂಗಾಲಿನ ಮೇಲೆ ಇಳಿಸಿದರು. ತಲೆ ಇದ್ದ ಜಾಗ ಖಾಲಿಯಾಯಿತು. ಅಲ್ಲಿ ನಾನು ಹುಲ್ಲು ಬೆಳೆಸಿದೆ. ಬೋರ್ಡಿನ ಅಕ್ಷರಕ್ಕೆ ಬಾಲ ಎಳೆದು ಎಳೆದು ಪಳಗಿದ ಕೈಗೆ ಮುಚ್ಚಿದ ರೆಪ್ಪೆ ಕಷ್ಟವೇ ಅಲ್ಲ. ಒಂದೇ ಬಾಗು, ಒಂದೇ ಎಳೆತ. ಮೂರು ಸಿಂಹ ನಿದ್ದೆ ಹೋದವು. ನಾಲ್ಕನೆಯದು, ಸಿಂಹಿಣಿ, ಮಲಗಬಾರದೆಂದು ಉಪ್ಪ ಹಟ ಹಿಡಿದರು. ಹಿಂಡಿನಲ್ಲಿ ಒಬ್ಬರಾದರೂ ಎಚ್ಚರ ಇರಲೇಬೇಕಂತೆ. ಅಜ್ಜಿಯ ಮುಖ ನೋಡಿದರು, ಅಜ್ಜಿ ಕೂಡದೆಂದು ತಲೆ ಅಲ್ಲಾಡಿಸಿದರು. ಕೊನೆಗೆ ಅವಳನ್ನು ನಮಗೆ ಬೆನ್ನು ಹಾಕಿ ಕೂರಿಸಿದರು. ಕಿವಿ ನೆಟ್ಟಗೆ, ಹುಲ್ಲಿನ ಆಚೆಗೆ ನೋಡುತ್ತಿದ್ದಾಳೆ. ಅವಳಿಗೆ ಕಣ್ಣು ಉಂಟು, ನಮಗೆ ಕಾಣುವುದಿಲ್ಲ. ಅಜ್ಜಿ ಬಹಳ ಹೊತ್ತು ನೋಡಿ, "ಇವಳ ಬಗ್ಗೆ ನನ್ನನ್ನು ಕೇಳಬೇಡ" ಎಂದು ಹೇಳಿ ಅಡುಗೆಮನೆಗೆ ಎದ್ದುಹೋದರು. ಅದು ಒಪ್ಪಿಗೆಯಲ್ಲ, ಅಡ್ಡಿಯೂ ಅಲ್ಲ. ನಮಗೆ ಅಷ್ಟು ಸಾಕಾಗಿತ್ತು.

ಪಿಕಪ್ಪಿನಲ್ಲಿ ಕ್ಯಾನ್ವಾಸು ಕಟ್ಟಿ ಉಪ್ಪ ಮತ್ತು ನಾನು ಅಲ್ ಶಮಾಲ್‌ಗೆ ಹೋದೆವು. ದಾರಿಯುದ್ದಕ್ಕೂ ಉಪ್ಪ ಒಂದೇ ಮಾತು ಹೇಳಿದ್ದು: "ಬೇಡ ಅಂದರೆ ಬೇಸರ ಮಾಡಬೇಡ." ಅದನ್ನು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಿಲ್ಲ. ಗೋಡೆಗೆ ಒರಗಿಸಿ ಬಟ್ಟೆ ತೆಗೆದಾಗ ಅಬೂ ರಾಶಿದ್ ಕೈ ಕಟ್ಟಿ ನಿಂತರು. ಹುಬ್ಬು ಗಂಟಾಯಿತು.

"ಕುಲ್ಲು ನೂಮ್?" ಎಲ್ಲ ನಿದ್ದೆಯಾ ಎಂದು ಕೇಳಿದರು. ಆಮೇಲೆ ಉಪ್ಪನ ಕಡೆ ತಿರುಗಿ, ಅರಬ್ಬಿ, ಹಿಂದಿ ಬೆರೆಸಿ, "ಅಬ್ಬಾಸ್, ನಾನು ಸಿಂಹ ಕೇಳಿದ್ದು. ಇವರು ಶುಕ್ರವಾರ ಊಟ ಮುಗಿಸಿದ ನನ್ನ ತಮ್ಮಂದಿರು!" ಅಂದರು.

ಉಪ್ಪ ನಗಲಿಲ್ಲ. "ನೀವು ಕೊಟ್ಟ ಕ್ಯಾಸೆಟ್ಟಿನಲ್ಲಿ ಇರುವ ಹಾಗೆ ಮಾಡಿದ್ದೇನೆ" ಅಂದರು.

ಅವರು ಹತ್ತಿರ ಹೋದರು. ನನ್ನ ಹುಲ್ಲಿಗೆ ಮೂಗು ತಾಗುವಷ್ಟು ಹತ್ತಿರ. ಸಿಂಹಿಣಿಯ ಬೆನ್ನನ್ನು ತೋರಿಸಿ, "ಇವಳು?" ಎಂದು ಕೇಳಿದರು.

"ಕಾವಲು," ಉಪ್ಪ ಹೇಳಿದರು.

ನನಗೆ ಊರಿನ ಶಾಲೆಯ ಬೆಲ್ಲು ಕಿವಿಯಲ್ಲಿ ಹೊಡೆಯತೊಡಗಿತ್ತು. ಅಷ್ಟರಲ್ಲಿ ಅಬೂ ರಾಶಿದರ ಹೆಗಲು ಕುಲುಕಿತು. ನಗುತ್ತಿದ್ದರು.

"ನಾವು ಇಡೀ ಮಧ್ಯಾಹ್ನ ಜೀಪಿನಲ್ಲಿ ಕೂತು ಕಾದದ್ದು. ಒಂದೂ ಏಳಲಿಲ್ಲ. ಇಲ್ಲಿಗೆ ಬಂದು ಎಲ್ಲರಿಗೂ ಗರ್ಜಿಸಿತು ಅಂತ ಹೇಳಿದ್ದೇನೆ. ನೀನು ನಿಜವನ್ನೇ ಬರೆದು ತಂದು ನನ್ನ ಸುಳ್ಳನ್ನು ಬಯಲು ಮಾಡಿದೆಯಲ್ಲಾ!" ಆಮೇಲೆ ಕೆಲಸದವನನ್ನು ಕರೆದು ಮೊಳೆ ತರಲು ಹೇಳಿದರು. "ಅಲ್ಲಿ ಹಾಕು, ದಿವಾನದ ಮೇಲೆ. ತಮ್ಮಂದಿರು ಮಲಗುವ ಜಾಗದಲ್ಲಿ."

ಬರುವಾಗ ಉಪ್ಪ ಮೊದಲ ಸಲ ನನ್ನ ಹೆಗಲ ಮೇಲೆ ಕೈ ಹಾಕಿ ಗಾಡಿ ಓಡಿಸಿದರು. ಗೇರ್ ಬದಲಿಸಲು ಮಾತ್ರ ತೆಗೆಯುತ್ತಿದ್ದರು, ಮತ್ತೆ ಇಡುತ್ತಿದ್ದರು.

ಮನೆಗೆ ಬಂದು ವಿಷಯ ಹೇಳಿದೆವು. ಅಜ್ಜಿಯೇ ಮೊದಲು ಉಮ್ಮನಿಗೆ ಹೇಳಿದರು.

"ಒಂದೇ ಟಿಕೆಟ್ ಮಾಡು. ಕುಂಞಿ ಇಲ್ಲೇ ಇರ್ಲಿ."

"ನೀವೇ ಅಲ್ವಾ ಅತ್ತೇ, ಇವನು ಬಂದರೆ ಮನೆಯಲ್ಲಿ ಒಂದು ದನಿಯಾದರೂ ಇರ್ತದೆ ಅಂತ ಹೇಳಿದ್ದು?"

"ಹೇಳಿದ್ದೆ. ನನಗೆ ದನಿ ಬೇಕು, ಹೌದು. ಅವನಿಗೆ ಉಪ್ಪ ಬೇಕು."

ಉಮ್ಮ ನನ್ನ ಅಂಗಿಗಳನ್ನು ಪೆಟ್ಟಿಗೆಯ ಪಕ್ಕದಿಂದ ಎತ್ತಿ ಕಪಾಟಿಗೆ ಇಡುತ್ತಾ ನನ್ನತ್ತ ನೋಡದೆ ಹೇಳಿದರು: "ಆಯ್ತು. ನಾಳೆ ಎಲ್ಲರೂ ಡಿಗ್ರಿ ಹಿಡಿದು ನಿಂತಾಗ ನನ್ನನ್ನು ದೂರಬಾರದು." ನಾನು ದೂರಿಲ್ಲ. ಅಜ್ಜಿ ಒಬ್ಬರೇ ಹೋದರು. ಸಿಂಹಗಳಿಗೆ ನಿದ್ದೆ ಮಾಡಿಸಿದರೆ ತನ್ನ ಜೊತೆ ಬರಬೇಕಾದ ಮೊಮ್ಮಗ ಇಲ್ಲೇ ಉಳಿಯುತ್ತಾನೆ ಎಂದು ಅವರಿಗೆ ಆ ಶುಕ್ರವಾರವೇ ಗೊತ್ತಿತ್ತು. ಬಾಲ್ಕನಿಯಲ್ಲಿ ಆ ಪ್ಲೈವುಡ್ಡಿನ ತುಂಡುಗಳನ್ನು ನೋಡಿದವರಲ್ಲವೇ. ಮಗನ ಕೈ ಸೋತದ್ದನ್ನು ಯಾರ ಮುಂದೆಯೂ ಆಡಲಿಲ್ಲ, ತಮ್ಮ ನಂಬಿಕೆಯನ್ನೂ ಬಿಟ್ಟುಕೊಡಲಿಲ್ಲ, ನನ್ನನ್ನು ಮಾತ್ರ ಬಿಟ್ಟುಕೊಟ್ಟರು. ಇದನ್ನು ನಾನು ಅರ್ಥಮಾಡಿಕೊಳ್ಳುವ ಹೊತ್ತಿಗೆ ಅವರಿರಲಿಲ್ಲ. ಅವರ ಹೆಸರಿನಲ್ಲಿ ದುಆ ಮಾಡದೆ ನಾನು ಅಂಗಡಿ ತೆರೆದದ್ದಿಲ್ಲ.

ಈಗ ನನಗೆ ಇರುವುದು ಇಷ್ಟು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ವರ್ಕ್‌ಶಾಪು. ಎರಡು ಪ್ರಿಂಟಿಂಗ್ ಮೆಷಿನು. ಏಳು ಜನ ಕೆಲಸಗಾರರು. ಮೂರು ಕೋಣೆಯ ಬಾಡಿಗೆ ಫ್ಲ್ಯಾಟು. ಹೆಂಡತಿ. ಇಬ್ಬರು ಹೆಣ್ಣುಮಕ್ಕಳು. ಪಕ್ಕದ ಕೋಣೆಯಲ್ಲಿ ಉಮ್ಮ. ಮತ್ತೆ, ಉಪ್ಪ ಇರುವ ತನಕ ಅವರ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಹತ್ತೊಂಬತ್ತು ವರ್ಷ.